ಮಂಕು ಚಳಿಗಾಲ ಬಿಟ್ಟು ಹೊರಡುವವರಿಗೆ: ಯಾವ ಊರು ಏನು ಕೊಡುತ್ತದೆ, ಏನು ಕೇಳುತ್ತದೆ

ವಾಯವ್ಯ ಯುರೋಪಿನಲ್ಲಿ ನೆಲೆಸಿರುವ ಅನೇಕರಲ್ಲಿ ನವೆಂಬರ್ ಮುಗಿಯುತ್ತಿದ್ದಂತೆ ಒಂದೇ ಯೋಚನೆ ಮತ್ತೆ ಮತ್ತೆ ಏಳುತ್ತದೆ. ಈ ಜಿಟಿಜಿಟಿ ಮಳೆ, ಮಧ್ಯಾಹ್ನ ನಾಲ್ಕಕ್ಕೇ ಕವಿಯುವ ಕತ್ತಲೆ, ವಾರಗಟ್ಟಲೆ ಸರಿಯದ ಮೋಡ, ಇವನ್ನೆಲ್ಲ ಬಿಟ್ಟು ಬಿಸಿಲಿರುವ ದೇಶಕ್ಕೆ ಹೋಗಿ ಇದ್ದುಬಿಡಬಾರದೇಕೆ? ಇದನ್ನು ಸುಖಪುರುಷರ ಕನಸು ಎಂದು ತಳ್ಳಿಹಾಕುವಂತಿಲ್ಲ. ಚಳಿಗಾಲ ಬಂದಾಗಲೆಲ್ಲ ಮರಳಿ ಬರುವ ಖಿನ್ನತೆಯನ್ನು ಮನೋವೈದ್ಯ ನಾರ್ಮನ್ ರೋಸೆಂಥಾಲ್ ಮತ್ತು ಅವರ ಸಹೋದ್ಯೋಗಿಗಳು 1984ರಲ್ಲೇ ವೈದ್ಯಕೀಯವಾಗಿ ವಿವರಿಸಿದ್ದಾರೆ. ಬೆಳಕಿನ ಕೊರತೆಗೂ ಮನಸ್ಸಿನ ಸ್ಥಿತಿಗೂ ನಂಟಿದೆ ಎಂಬುದನ್ನು ಅನೇಕ ತಜ್ಞರು ಒಪ್ಪುತ್ತಾರೆ. ಆದರೆ ಆಸೆ ಎಷ್ಟೇ ನ್ಯಾಯವಾಗಿದ್ದರೂ ಊರಿನ ಆಯ್ಕೆ ತಪ್ಪಿದರೆ ಒಂದು ಮಂಕಿನಿಂದ ಇನ್ನೊಂದು ಮಂಕಿಗೆ ಸಾಮಾನು ಸಾಗಿಸಿದಂತಾಗುತ್ತದೆ. ಹೀಗಾಗದಿರಲು, ದಕ್ಷಿಣದ ಊರುಗಳನ್ನು ಅವುಗಳ ಹೆಸರಿನಿಂದಲೋ ಬೇಸಿಗೆಯ ಚಿತ್ರಗಳಿಂದಲೋ ಅಳೆಯದೆ, ಅವುಗಳ ಅತ್ಯಂತ ಕೆಟ್ಟ ತಿಂಗಳಿನಿಂದ ಅಳೆಯಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಈ ಹೋಲಿಕೆಯನ್ನು ಮಾಡಿರುವುದೂ ಅದೇ ಕ್ರಮದಲ್ಲಿ.

ಮೊದಲು ತಿಳಿಯಬೇಕಾದದ್ದು: ನೀವು ಬಿಟ್ಟು ಹೋಗಬೇಕೆಂದಿರುವುದು ಏನನ್ನು?

ಮಳೆಯ ಒಟ್ಟು ಪ್ರಮಾಣವನ್ನು ನೋಡಿ ಊರು ಆರಿಸುವವರು ಬಹಳ ಮಂದಿ, ಆದರೆ ಆ ಅಂಕಿಯಿಂದ ತಿಳಿಯುವುದು ಕಡಿಮೆ. ಲಂಡನ್ನಿನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರ್. ಬಿಸಿಲಿನ ರಾಜಧಾನಿ ಎಂದು ಹೆಸರಾದ ಲಿಸ್ಬನ್‌ನಲ್ಲಿ ಅದಕ್ಕಿಂತ ಹೆಚ್ಚು ಬೀಳುತ್ತದೆ. ಪೋರ್ಚುಗಲ್ಲಿನ ಉತ್ತರದಲ್ಲಿರುವ ಪೋರ್ಟೊದಲ್ಲಂತೂ ಲಂಡನ್ನಿನ ಸುಮಾರು ಎರಡರಷ್ಟು ಬೀಳುತ್ತದೆ. ಹಾಗಿದ್ದರೂ ಲಿಸ್ಬನ್‌ನ ಚಳಿಗಾಲ ಲಂಡನ್ನಿನದಕ್ಕಿಂತ ಎಷ್ಟೋ ಪ್ರಕಾಶಮಾನವಾಗಿರುತ್ತದೆ, ಏಕೆಂದರೆ ಅಲ್ಲಿ ಮಳೆ ಬಂದರೆ ಜೋರಾಗಿ ಸುರಿದು ಮುಗಿಯುತ್ತದೆ, ಮರುದಿನ ಆಕಾಶ ತೆರೆದುಕೊಳ್ಳುತ್ತದೆ. ಲಂಡನ್ನಿನ ಮಳೆ ಒಂದು ಗಂಟೆಯಲ್ಲಿ ಬೀಳಬೇಕಾದದ್ದನ್ನು ಮೂರು ದಿನಕ್ಕೆ ಹಂಚಿಕೊಂಡು ಬೀಳುತ್ತದೆ. ಆದ್ದರಿಂದ ಕತ್ತಲೆ, ಮೋಡ, ತೇವ, ಚಳಿ ಎಂಬ ನಾಲ್ಕನ್ನು ಬೇರೆ ಬೇರೆಯಾಗಿ ಇಟ್ಟುಕೊಂಡು, ಇವುಗಳಲ್ಲಿ ನಿಮ್ಮನ್ನು ನಿಜವಾಗಿ ಕುಗ್ಗಿಸುತ್ತಿರುವುದು ಯಾವುದು ಎಂದು ಕೇಳಿಕೊಳ್ಳುವುದು ಒಳ್ಳೆಯದು. ಒಂದೊಂದಕ್ಕೂ ಉತ್ತರವಾಗುವ ಊರು ಬೇರೆ.

ಕತ್ತಲೆಯನ್ನು ನಿರ್ಧರಿಸುವುದು ಅಕ್ಷಾಂಶ ಮಾತ್ರ, ಅದರಲ್ಲಿ ರಿಯಾಯಿತಿ ಇಲ್ಲ. ಡಿಸೆಂಬರ್ 21ರ ಸುಮಾರಿಗೆ ಗ್ಲಾಸ್ಗೋದಲ್ಲಿ ಹಗಲು ಸುಮಾರು 7 ಗಂಟೆ, ಲಂಡನ್ನಿನಲ್ಲಿ 7 ಗಂಟೆ 50 ನಿಮಿಷ, ಸ್ಪೇನಿನ ದಕ್ಷಿಣ ಕರಾವಳಿಯ ಮಾಲಗದಲ್ಲಿ ಒಂಬತ್ತೂವರೆ ಗಂಟೆಗೆ ತುಸು ಮೇಲೆ, ಆಫ್ರಿಕದ ವಾಯವ್ಯ ಕರಾವಳಿಯಾಚೆ ಇರುವ, ಸ್ಪೇನಿಗೆ ಸೇರಿದ ಕ್ಯಾನರಿ ದ್ವೀಪಗಳಲ್ಲಿ ಸುಮಾರು 10 ಗಂಟೆ 20 ನಿಮಿಷ. ಎರಡು ಗಂಟೆಯ ವ್ಯತ್ಯಾಸ ಕಾಗದದ ಮೇಲೆ ಸಣ್ಣದಾಗಿ ಕಂಡರೂ, ಕೆಲಸ ಮುಗಿಸಿ ಹೊರಬಂದಾಗ ಇನ್ನೂ ಬೆಳಕಿರುತ್ತದೆಯೇ ಇಲ್ಲವೇ ಎಂಬುದನ್ನು ತೀರ್ಮಾನಿಸುವುದು ಅದೇ.

ಮೋಡದ ಲೆಕ್ಕ ಬೇರೆ. ಕೆನಡಾದ ಕ್ಯಾಲ್ಗರಿ ಹೆಚ್ಚುಕಡಿಮೆ ಲಂಡನ್ನಿನ ಅಕ್ಷಾಂಶದಲ್ಲೇ ಇದೆ, ಅಂದರೆ ಅಲ್ಲಿನ ಹಗಲೂ ಅಷ್ಟೇ ಚಿಕ್ಕದು. ಆದರೂ ಅದು ಕೆನಡಾದ ಅತಿ ಹೆಚ್ಚು ಬಿಸಿಲು ಕಾಣುವ ನಗರಗಳಲ್ಲೊಂದು. ಲಂಡನ್ನಿನಲ್ಲಿ ಡಿಸೆಂಬರ್ ತಿಂಗಳಿಡೀ ಸೇರಿ ಬಿಸಿಲು ಬೀಳುವುದು 50ರಿಂದ 60 ಗಂಟೆಯ ಆಸುಪಾಸು, ಅಂದರೆ ದಿನಕ್ಕೆ ಎರಡು ಗಂಟೆಗೂ ಕಡಿಮೆ. ಮಾಲಗದಲ್ಲಿ ಅದೇ ತಿಂಗಳು ಸುಮಾರು 160 ಗಂಟೆ ಬಿಸಿಲು ಸಿಗುತ್ತದೆ. ಹಗಲಿನ ಉದ್ದದಲ್ಲಿ ಇರುವ ಅಂತರಕ್ಕಿಂತ ಈ ಅಂತರ ಬಹಳ ದೊಡ್ಡದು. ನನ್ನ ದೃಷ್ಟಿಯಲ್ಲಿ ಒಂದೇ ಒಂದು ಅಂಕಿಯನ್ನು ನೋಡಿ ಊರು ಆರಿಸಬೇಕಾದರೆ ನೋಡಬೇಕಾದದ್ದು ಡಿಸೆಂಬರ್ ಮತ್ತು ಜನವರಿಯ ಬಿಸಿಲಿನ ಗಂಟೆಗಳನ್ನು.

ಪಶ್ಚಿಮ ಕರಾವಳಿ: ಪೋರ್ಟೊ, ಲಿಸ್ಬನ್, ಅಲ್ಗಾರ್ವೆ

ಪೋರ್ಚುಗಲ್ ಎಂದರೆ ಒಂದೇ ಹವಾಮಾನ ಎಂದು ಭಾವಿಸುವುದು ಸರಿಯಲ್ಲ. ಅಟ್ಲಾಂಟಿಕ್‌ನಿಂದ ಬರುವ ಮಳೆಮೋಡಗಳಿಗೆ ಮೊದಲು ಸಿಗುವುದು ಉತ್ತರದ ಕರಾವಳಿ. ಆದ್ದರಿಂದ ಮಳೆಯನ್ನೇ ಬಿಟ್ಟು ಓಡುತ್ತಿರುವವರಿಗೆ ಪೋರ್ಟೊ ತಕ್ಕ ಊರಲ್ಲ, ಅದರ ಉಳಿದ ಗುಣಗಳು ಎಷ್ಟೇ ಇರಲಿ. ಲಿಸ್ಬನ್ ನಡುವಿನದು: ಜನವರಿಯ ಮಧ್ಯಾಹ್ನ ಸುಮಾರು 15 ಡಿಗ್ರಿ, ನಡುನಡುವೆ ಬಿರುಮಳೆ, ಉಳಿದಂತೆ ಸ್ವಚ್ಛ ಬೆಳಕು. ದಕ್ಷಿಣದ ಅಲ್ಗಾರ್ವೆ ಬೆಟ್ಟಗಳ ಮರೆಯಲ್ಲಿರುವುದರಿಂದ ಇನ್ನಷ್ಟು ಒಣಗಿರುತ್ತದೆ, ಬಿಸಿಲೂ ಹೆಚ್ಚು. ಆದರೆ ಅಲ್ಲಿನ ಹಲವು ಕಡಲತೀರದ ಊರುಗಳು ಪ್ರವಾಸಿಗರನ್ನು ನಂಬಿ ಬದುಕುವಂಥವು. ಚಳಿಗಾಲದಲ್ಲಿ ಬೀದಿಯ ಅರ್ಧಕ್ಕರ್ಧ ಬಾಗಿಲು ಮುಚ್ಚಿರುತ್ತದೆ. ಬೆಳಕು ಬೇಕಿದ್ದವರಿಗೆ ಇದು ಸಾಲಬಹುದು, ಜನರ ಒಡನಾಟವೂ ಬೇಕಿದ್ದವರು ವರ್ಷವಿಡೀ ಸ್ಥಳೀಯರು ವಾಸಿಸುವ ಫಾರೊದಂಥ ಪಟ್ಟಣವನ್ನು ನೋಡುವುದು ಮೇಲು.

ಸ್ಪೇನಿನ ಆಗ್ನೇಯ: ಮಾಲಗ, ಅಲ್ಮೇರಿಯ, ಅಲಿಕಾಂಟೆ

ಯುರೋಪಿನ ಮುಖ್ಯಭೂಮಿಯಲ್ಲಿ ನಾನು ಮೊದಲ ಸ್ಥಾನ ಕೊಡುವುದು ಈ ಕರಾವಳಿಗೆ. ಅಲಿಕಾಂಟೆಯಲ್ಲಿ ವರ್ಷದ ಮಳೆ ಸುಮಾರು 300 ಮಿಲಿಮೀಟರ್, ಅಲ್ಮೇರಿಯದಲ್ಲಿ ಸುಮಾರು 200. ಅಲ್ಮೇರಿಯದ ಹಿಂದೆ ತಬೆರ್ನಾಸ್ ಎಂಬ ಮರುಭೂಮಿಯಂಥ ಪ್ರದೇಶವೇ ಇದೆ. ಮಾಲಗದ ಜನವರಿಯ ಮಧ್ಯಾಹ್ನ ಸುಮಾರು 17 ಡಿಗ್ರಿ. ಮಾಲಗದಲ್ಲಿ ನವೆಂಬರ್ ಮತ್ತು ಡಿಸೆಂಬರ್ ವರ್ಷದ ಹೆಚ್ಚು ಮಳೆಯ ತಿಂಗಳುಗಳು, ಆಗ ಲಂಡನ್ನಿಗಿಂತ ಹೆಚ್ಚು ನೀರು ಬೀಳುವುದುಂಟು, ಆದರೆ ಬೀಳುವ ದಿನಗಳು ಕಡಿಮೆ.

ಈ ಜೋರು ಮಳೆಯ ಸ್ವಭಾವವನ್ನು ಲಘುವಾಗಿ ತೆಗೆದುಕೊಳ್ಳಬಾರದು. ಬೇಸಿಗೆಯಿಡೀ ಕಾದ ಮೆಡಿಟರೇನಿಯನ್ ಕಡಲಿನ ಮೇಲೆ ಶರತ್ಕಾಲದಲ್ಲಿ ತಣ್ಣನೆಯ ಗಾಳಿ ಎತ್ತರದಲ್ಲಿ ಬಂದು ನಿಂತಾಗ ಕೆಲವೇ ಗಂಟೆಗಳಲ್ಲಿ ತಿಂಗಳುಗಟ್ಟಲೆಯ ಮಳೆ ಸುರಿಯುತ್ತದೆ. 2024ರ ಅಕ್ಟೋಬರ್ 29ರಂದು ವಲೆನ್ಸಿಯ ಪ್ರಾಂತ್ಯದಲ್ಲಿ ಹೀಗೆ ಬಂದ ಪ್ರವಾಹಕ್ಕೆ 220ಕ್ಕೂ ಹೆಚ್ಚು ಜನ ಬಲಿಯಾದರು. ವರ್ಷದ ಬಹುಪಾಲು ಒಣಗಿ ಬಿದ್ದಿರುವ ಹಳ್ಳದ ದಂಡೆಯಲ್ಲಿ ಮನೆ ಅಗ್ಗವಾಗಿ ಸಿಗುತ್ತಿದ್ದರೆ, ಆ ಹಳ್ಳ ಒಣಗಿರುವುದನ್ನು ನೋಡಿ ನೆಮ್ಮದಿಪಡದೆ, ಸ್ಥಳೀಯ ಆಡಳಿತದ ಪ್ರವಾಹ ನಕ್ಷೆಯಲ್ಲಿ ಆ ಮನೆ ಎಲ್ಲಿ ಬೀಳುತ್ತದೆ ಎಂದು ನೋಡಿಯೇ ಮುಂದಿನ ಮಾತು.

ದ್ವೀಪಗಳು: ಕ್ಯಾನರಿ ಮತ್ತು ಮಡೈರಾ

ಚಳಿಗಾಲವೇ ಇಲ್ಲವೆನ್ನುವಷ್ಟು ಹಿತವಾದ ಹವೆ ಯುರೋಪಿನ ಒಕ್ಕೂಟದೊಳಗೆ ಬೇಕಿದ್ದರೆ ಕ್ಯಾನರಿ ದ್ವೀಪಗಳಿಗೆ ಸರಿಸಾಟಿ ಇಲ್ಲ. ಟೆನೆರೀಫ್ ದ್ವೀಪದ ದಕ್ಷಿಣದಲ್ಲಿ ಜನವರಿಯ ಮಧ್ಯಾಹ್ನವೂ 21–22 ಡಿಗ್ರಿ ಇರುತ್ತದೆ, ವರ್ಷದ ಮಳೆ 150 ಮಿಲಿಮೀಟರನ್ನೂ ಮುಟ್ಟುವುದು ಅಪರೂಪ. ಆದರೆ ಇಲ್ಲಿ ದ್ವೀಪದ ಯಾವ ಮಗ್ಗುಲು ಎಂಬುದೇ ಎಲ್ಲವನ್ನೂ ನಿರ್ಧರಿಸುತ್ತದೆ. ಈಶಾನ್ಯದಿಂದ ಬೀಸುವ ವಾಣಿಜ್ಯ ಮಾರುತಗಳು ತೇವವನ್ನು ಹೊತ್ತು ತಂದು ದ್ವೀಪದ ಉತ್ತರದ ಇಳಿಜಾರಿಗೆ ಒತ್ತುತ್ತವೆ. 3,715 ಮೀಟರ್ ಎತ್ತರದ ಟೈಡೆ ಪರ್ವತ ಆ ಮೋಡಗಳನ್ನು ತಡೆದು ನಿಲ್ಲಿಸುತ್ತದೆ. ದಕ್ಷಿಣಕ್ಕೆ ಒಣ ಗಾಳಿ ಮಾತ್ರ ಇಳಿಯುತ್ತದೆ. ಉತ್ತರದ ಲಾ ಲಗೂನ ಪಟ್ಟಣ ಚಳಿಗಾಲದಲ್ಲಿ ತಣ್ಣಗೆ, ಮಂಜು ಮುಸುಕಿ ಇರುವುದುಂಟು. ಅದರ ಪಕ್ಕದ ವಿಮಾನ ನಿಲ್ದಾಣದಲ್ಲೇ 1977ರ ಮಾರ್ಚ್ 27ರಂದು ದಟ್ಟ ಮಂಜಿನ ನಡುವೆ ಎರಡು ವಿಮಾನಗಳು ರನ್‌ವೇ ಮೇಲೆ ಡಿಕ್ಕಿಯಾಗಿ 583 ಜನ ಸತ್ತರು. ಅಲ್ಲಿಂದ ಕಾರಿನಲ್ಲಿ ಒಂದು ಗಂಟೆ ದಕ್ಷಿಣಕ್ಕೆ ಹೋದರೆ ಕಳ್ಳಿಗಿಡಗಳ ನಡುವೆ ಸುಡುವ ಬಿಸಿಲು. ಗ್ರಾನ್ ಕನೇರಿಯದಲ್ಲೂ ಇದೇ ಕಥೆ: ಮಾಸ್ಪಲೋಮಸ್ ಇರುವ ದಕ್ಷಿಣ ಒಂದು ಲೋಕ, ಉತ್ತರದ ಇಳಿಜಾರು ಇನ್ನೊಂದು. "ಕ್ಯಾನರಿಗೆ ಹೋಗಿದ್ದೆ, ಅಲ್ಲೂ ಮೋಡವೇ" ಎನ್ನುವವರು ಬಹುಮಟ್ಟಿಗೆ ಉತ್ತರದಲ್ಲಿ ಉಳಿದವರು.

ಇಲ್ಲಿ ಎರಡು ಕೊರತೆಗಳಿವೆ. ಸಹಾರಾದಿಂದ ಬರುವ ಧೂಳುಗಾಳಿ ಕೆಲವು ದಿನ ಆಕಾಶವನ್ನೇ ಕಂದಾಗಿಸುತ್ತದೆ, ಉಸಿರಾಟದ ತೊಂದರೆ ಇರುವವರಿಗೆ ಇದು ಗಂಭೀರ ವಿಷಯ. ಇನ್ನೊಂದು, ಮುಖ್ಯಭೂಮಿ ದೂರ. ಮನೆಯವರನ್ನು ನೋಡಲು ಹೋಗುವುದೆಂದರೆ ಪ್ರತಿ ಸಲವೂ ವಿಮಾನವೇ. ಪೋರ್ಚುಗಲ್ಲಿಗೆ ಸೇರಿದ ಮಡೈರಾ ದ್ವೀಪ ಇದಕ್ಕಿಂತ ಹಸಿರು, ಆದರೆ ಆ ಹಸಿರಿಗೆ ಮಳೆಯೇ ಕಾರಣ ಎಂಬುದನ್ನು ಮರೆಯಬಾರದು. ದಕ್ಷಿಣ ತೀರದ ಫುಂಚಾಲ್ ಚಳಿಗಾಲದಲ್ಲಿ 19–20 ಡಿಗ್ರಿಯಲ್ಲಿ ಹಿತವಾಗಿರುತ್ತದೆ, ಆದರೂ ಡಿಸೆಂಬರಿನಲ್ಲಿ ಮಳೆ ಸಾಕಷ್ಟು ಇರುತ್ತದೆ, ಉತ್ತರ ತೀರ ಇನ್ನೂ ಒದ್ದೆ.

ಪೂರ್ವ ಮೆಡಿಟರೇನಿಯನ್: ಮಾಲ್ಟ, ಸೈಪ್ರಸ್, ಕ್ರೀಟ್

ಇಂಗ್ಲಿಷ್ ಒಂದರಲ್ಲೇ ವ್ಯವಹಾರ ನಡೆಯಬೇಕು ಎನ್ನುವವರು ಸಾಮಾನ್ಯವಾಗಿ ಮಾಲ್ಟ ಮತ್ತು ಸೈಪ್ರಸ್ ಕಡೆ ತಿರುಗುತ್ತಾರೆ. ಮಾಲ್ಟದಲ್ಲಿ ಇಂಗ್ಲಿಷ್ ಅಧಿಕೃತ ಭಾಷೆ, ಸೈಪ್ರಸ್‌ನಲ್ಲಿ ಅದು ವ್ಯಾಪಕವಾಗಿ ನಡೆಯುತ್ತದೆ. ಬಿಸಿಲಿನಲ್ಲಿ ಸೈಪ್ರಸ್ ಮುಂದು. ಅದರ ಕರಾವಳಿಯ ಜನವರಿ ಸುಮಾರು 17 ಡಿಗ್ರಿ, ಮಳೆ ಬರುವುದೆಲ್ಲ ಚಳಿಗಾಲದಲ್ಲೇ ಆದರೂ ನಡುನಡುವೆ ಬಿಸಿಲು ಧಾರಾಳ. ಮಾಲ್ಟದ ತೊಡಕು ತೇವದ್ದು. ಸುತ್ತ ಕಡಲಿರುವ ಸಣ್ಣ ದ್ವೀಪದಲ್ಲಿ ಸುಣ್ಣಕಲ್ಲಿನ ಮನೆಗಳು ಚಳಿಗಾಲದ ತೇವವನ್ನು ಹೀರಿಕೊಂಡು ತಿಂಗಳುಗಟ್ಟಲೆ ಬಿಡುವುದಿಲ್ಲ. ಹೊರಗೆ 15 ಡಿಗ್ರಿಯ ಹಿತವಾದ ಬಿಸಿಲಿದ್ದರೂ ಒಳಗೆ ಕೋಟು ಹಾಕಿ ಕೂರಬೇಕಾಗುತ್ತದೆ. ಕ್ರೀಟ್‌ನಲ್ಲಿ ಪಶ್ಚಿಮದ ಹಾನಿಯಾಕ್ಕಿಂತ ಆಗ್ನೇಯದ ಇಯೆರಪೆತ್ರ ಹೆಚ್ಚು ಒಣ, ಹೆಚ್ಚು ಬೆಚ್ಚಗೆ. ಆದರೆ ಪ್ರವಾಸಿ ಹಳ್ಳಿಗಳು ನವೆಂಬರಿನಿಂದ ಮಾರ್ಚ್‌ವರೆಗೆ ನಿದ್ರಿಸುತ್ತವೆ.

ಚಳಿ ಇದ್ದರೂ ಪರವಾಗಿಲ್ಲ ಎನ್ನುವವರಿಗೆ

ಈ ದಾರಿಯನ್ನು ಯೋಚಿಸುವವರು ಕಡಿಮೆ, ಇದು ನನಗೆ ಆಶ್ಚರ್ಯದ ಸಂಗತಿ. ನಿಮ್ಮನ್ನು ಕುಗ್ಗಿಸುವುದು ಚಳಿಯಲ್ಲ, ಬೂದು ಬಣ್ಣದ ಆಕಾಶ ಎಂದಾದರೆ ಬಿಸಿ ದೇಶವನ್ನೇ ಹುಡುಕಬೇಕಾಗಿಲ್ಲ. ಮ್ಯಾಡ್ರಿಡ್‌ನ ಜನವರಿ ಬೆಳಗ್ಗೆ ಹೆಪ್ಪುಗಟ್ಟುವಷ್ಟು ತಣ್ಣಗಿದ್ದರೂ ಮಧ್ಯಾಹ್ನ ನೀಲಿ ಆಕಾಶ ಸಾಮಾನ್ಯ. ಅಮೆರಿಕದ ಡೆನ್ವರ್‌ನಲ್ಲಿ ಹಿಮ ಬಿದ್ದ ಮರುದಿನವೇ ಬಿಸಿಲು ಅದನ್ನು ಕರಗಿಸುವುದುಂಟು. ಕ್ಯಾಲ್ಗರಿಯಲ್ಲಿ ಉಷ್ಣಾಂಶ ಮೈನಸ್ 20ಕ್ಕೂ ಕೆಳಗೆ ಇಳಿಯುತ್ತದೆ, ಆದರೆ ಮನೆಗಳು ಆ ಚಳಿಗೆಂದೇ ಕಟ್ಟಿದವು, ಒಳಗೆ ನಡುಗುವ ಪ್ರಶ್ನೆ ಇಲ್ಲ. ದುಡಿಯುವ ವಯಸ್ಸಿನವರಿಗೆ ಇಂಥ ದೊಡ್ಡ ನಗರಗಳಲ್ಲಿ ಉದ್ಯೋಗದ ಅವಕಾಶ ಕಡಲತೀರದ ಊರುಗಳಿಗಿಂತ ಬಹಳ ಹೆಚ್ಚು ಎಂಬುದೂ ಲೆಕ್ಕಕ್ಕೆ ಬರಬೇಕು.

ದೂರದ ದೇಶಗಳ ವಿಷಯದಲ್ಲಿ ಒಂದೇ ಎಚ್ಚರಿಕೆ: ದಕ್ಷಿಣಾರ್ಧಗೋಳದಲ್ಲೂ ಚಳಿಗಾಲವಿದೆ, ಅದು ಜೂನ್‌ನಿಂದ ಆಗಸ್ಟ್‌ವರೆಗೆ. ಪರ್ತ್ ಮತ್ತು ಕೇಪ್‌ಟೌನ್‌ನಲ್ಲಿ ವರ್ಷದ ಮಳೆ ಬಹುಪಾಲು ಆಗಲೇ ಬೀಳುತ್ತದೆ. ಬ್ರಿಸ್ಬೇನ್ ಮತ್ತು ಜೊಹಾನ್ಸ್‌ಬರ್ಗ್‌ನಲ್ಲಿ ಚಳಿಗಾಲ ಒಣ, ಬಿಸಿಲಿನದು. ಥಾಯ್ಲೆಂಡಿನ ಚಿಯಾಂಗ್ ಮಾಯ್ ನವೆಂಬರಿನಿಂದ ಜನವರಿವರೆಗೆ ಸೊಗಸಾಗಿದ್ದರೂ ಫೆಬ್ರವರಿ ಕಳೆದಂತೆ ಹೊಲ ಮತ್ತು ಕಾಡು ಸುಡುವ ಹೊಗೆ ಕಣಿವೆಯನ್ನು ತುಂಬುತ್ತದೆ.

ಆಕಾಶಕ್ಕಿಂತ ಮೊದಲು ಗೋಡೆ ನೋಡಿ

ಊರು ಆರಿಸುವಷ್ಟೇ ಎಚ್ಚರಿಕೆಯಿಂದ ಮನೆ ಆರಿಸಬೇಕು ಎಂಬುದನ್ನು ನಾನು ಎಷ್ಟು ಒತ್ತಿ ಹೇಳಿದರೂ ಕಡಿಮೆಯೇ. ಮನೆಯನ್ನು ಬೆಚ್ಚಗೆ ಇಟ್ಟುಕೊಳ್ಳಲು ಆಗುತ್ತಿಲ್ಲ ಎಂದು ಹೇಳಿದವರ ಪ್ರಮಾಣ ಯುರೋಪಿಯನ್ ಒಕ್ಕೂಟದ ಅಂಕಿಅಂಶ ಸಂಸ್ಥೆಯಾದ ಯೂರೋಸ್ಟ್ಯಾಟ್‌ನ 2023ರ ಅಂಕಿಗಳಲ್ಲಿ ಅತಿ ಹೆಚ್ಚಾಗಿದ್ದದ್ದು ಫಿನ್ಲೆಂಡಿನಲ್ಲೋ ಸ್ವೀಡನ್ನಿನಲ್ಲೋ ಅಲ್ಲ, ಸ್ಪೇನ್ ಮತ್ತು ಪೋರ್ಚುಗಲ್ಲಿನಲ್ಲಿ: ಎರಡರಲ್ಲೂ ಶೇ. 20.8. ಇದರಲ್ಲಿ ಆದಾಯದ ಪಾತ್ರವೂ ಇದೆ, ಆದರೆ ಕಟ್ಟಡಗಳ ಪಾತ್ರ ದೊಡ್ಡದು. ಅಲ್ಲಿನ ಹಳೆಯ ಮನೆಗಳನ್ನು ಬೇಸಿಗೆಯ ಸೆಕೆ ತಡೆಯಲೆಂದು ಕಟ್ಟಿದ್ದಾರೆ: ಟೈಲ್ಸ್ ನೆಲ, ಒಂಟಿ ಗಾಜಿನ ಕಿಟಕಿ, ನಿರೋಧಕ ಪದರವಿಲ್ಲದ ಗೋಡೆ, ಮನೆಗೆಲ್ಲ ಸೇರಿ ಒಂದು ಗೋಡೆ ಹೀಟರ್. ಹೊರಗೆ 17 ಡಿಗ್ರಿ ಇರುವ ಜನವರಿ ಮಧ್ಯಾಹ್ನ ಉತ್ತರಕ್ಕೆ ಮುಖ ಮಾಡಿದ ಕೋಣೆ 14 ಡಿಗ್ರಿಯಲ್ಲಿ ಉಳಿದುಬಿಡಬಲ್ಲದು, ರಾತ್ರಿ ಇನ್ನೂ ಕೆಳಗೆ.

ಬಾಡಿಗೆಗೆ ಮನೆ ನೋಡಲು ಹೋದಾಗ ಬಾಲ್ಕನಿಯ ನೋಟದ ಮುಂದೆ ನಿಲ್ಲುವ ಮೊದಲು ಮಲಗುವ ಕೋಣೆಗೆ ಹೋಗಿ, ಹೊರಗೋಡೆಗೆ ತಾಗಿ ನಿಂತ ಬೀರುವನ್ನು ಒಂದು ಗೇಣು ಮುಂದಕ್ಕೆ ಎಳೆದು ಹಿಂದೆ ಕೈಯಾಡಿಸಿ. ಗೋಡೆ ಜಿಗುಟಾಗಿ ತಣ್ಣಗಿದ್ದರೆ, ಮೂಲೆಯಲ್ಲಿ ಕಪ್ಪು ಚುಕ್ಕೆಗಳು ಸಾಲುಗಟ್ಟಿದ್ದರೆ, ಅಥವಾ ಆ ಜಾಗದಲ್ಲಿ ಮಾತ್ರ ಬಣ್ಣ ಹೊಸದಾಗಿ ಬಳಿದಿದ್ದರೆ, ಅದು ಬೂಷ್ಟು ಹಿಡಿಯುವ ಮನೆ ಎಂದು ತಿಳಿಯಿರಿ. ಬೀರುವಿನ ಬಾಗಿಲು ತೆರೆದಾಗ ಮಣ್ಣಿನಂಥ ವಾಸನೆ ಬಂದರೂ ಅದೇ ಅರ್ಥ. ಕೋಣೆಯ ಮೂಲೆಯಲ್ಲಿ ತೇವ ಹೀರುವ ಯಂತ್ರ ಇದ್ದರೆ ಅದರ ತೊಟ್ಟಿಯಲ್ಲಿ ನೀರಿದೆಯೇ, ಎಷ್ಟು ದಿನಕ್ಕೊಮ್ಮೆ ಖಾಲಿ ಮಾಡುತ್ತಾರೆ ಎಂದು ಕೇಳಲು ಸಂಕೋಚ ಬೇಡ. ದಕ್ಷಿಣಕ್ಕೆ ಮುಖ ಮಾಡಿದ, ಮಧ್ಯದ ಮಹಡಿಯ, ಜೋಡಿ ಗಾಜಿನ ಕಿಟಕಿಯ ಮನೆ ಕಡಲಿನಿಂದ ಎರಡು ಬೀದಿ ಹಿಂದೆ ಇದ್ದರೂ, ಕಡಲಿಗೆದುರಾಗಿ ಉತ್ತರಕ್ಕೆ ನೋಡುವ ಮನೆಗಿಂತ ಚಳಿಗಾಲದಲ್ಲಿ ಎಷ್ಟೋ ಸುಖ.

ಬೇಸಿಗೆಯ ಬೆಲೆ

ಚಳಿಗಾಲದ ಮೂರು ತಿಂಗಳು ಗೆಲ್ಲಲು ಬೇಸಿಗೆಯ ಮೂರು ತಿಂಗಳನ್ನು ಒತ್ತೆಯಿಡಬೇಕಾಗುವ ಊರುಗಳಿವೆ. 2021ರ ಆಗಸ್ಟ್ 11ರಂದು ಸಿಸಿಲಿಯ ಸಿರಾಕ್ಯೂಸ್ ಬಳಿ 48.8 ಡಿಗ್ರಿ ದಾಖಲಾಯಿತು, ಅದು ಯುರೋಪಿನ ದಾಖಲೆ. ಅಮೆರಿಕದ ಫೀನಿಕ್ಸ್‌ನಲ್ಲಿ 2023ರ ಬೇಸಿಗೆಯಲ್ಲಿ ಸತತ 31 ದಿನ ಉಷ್ಣಾಂಶ 43 ಡಿಗ್ರಿ ದಾಟಿತ್ತು. ದುಬೈನ ಜನವರಿ ಸ್ವರ್ಗ, ಜುಲೈ ಎಂದರೆ ಹವಾನಿಯಂತ್ರಿತ ಕೋಣೆಯೊಳಗಿನ ಬಂಧನ. ಸೆವಿಲ್ಲಾ, ಕೊರ್ಡೊಬಾಗಳಂಥ ಒಳನಾಡಿನ ನಗರಗಳಿಗಿಂತ ಕರಾವಳಿ ಮೇಲು. ಕರಾವಳಿಗಿಂತ ಅಟ್ಲಾಂಟಿಕ್ ದ್ವೀಪಗಳು ಮೇಲು. ವಯಸ್ಸಾದವರು, ಹೃದಯದ ತೊಂದರೆ ಇರುವವರು ಬೇಸಿಗೆಯ ಅಂಕಿಗಳನ್ನು ಚಳಿಗಾಲದ ಅಂಕಿಗಳ ಪಕ್ಕದಲ್ಲೇ ಬರೆದಿಟ್ಟುಕೊಂಡು ನೋಡಬೇಕು.

ಕಾಗದಪತ್ರ

ಹವಾಮಾನ ಒಪ್ಪಿದ ಊರು ನಿಮ್ಮನ್ನು ಒಪ್ಪುತ್ತದೆಯೇ ಎಂಬುದು ನಿಮ್ಮ ಪಾಸ್‌ಪೋರ್ಟಿನ ಮೇಲೆ ನಿಂತಿದೆ. ಐರ್ಲೆಂಡ್, ನೆದರ್ಲೆಂಡ್ಸ್, ಜರ್ಮನಿಯಂಥ ಯುರೋಪಿಯನ್ ಒಕ್ಕೂಟದ ದೇಶಗಳ ಪೌರರು ಒಕ್ಕೂಟದ ಬೇರೆ ದೇಶಕ್ಕೆ ಹೋಗಿ ನೆಲೆಸಬಹುದು, ಮೂರು ತಿಂಗಳ ನಂತರ ನೋಂದಣಿಯಂಥ ಕ್ರಮಗಳಿರುತ್ತವೆ. ಬ್ರಿಟನ್ನಿನ ಪೌರರು 2020ರ ಡಿಸೆಂಬರ್ 31ರ ನಂತರ ಈ ಹಕ್ಕನ್ನು ಕಳೆದುಕೊಂಡಿದ್ದಾರೆ. ವೀಸಾ ಇಲ್ಲದೆ ಷೆಂಗೆನ್ ಪ್ರದೇಶದಲ್ಲಿ (ತಮ್ಮೊಳಗಿನ ಗಡಿ ತಪಾಸಣೆ ಬಿಟ್ಟಿರುವ ಯುರೋಪಿನ ದೇಶಗಳ ಗುಂಪು) ಯಾವುದೇ 180 ದಿನಗಳಲ್ಲಿ 90 ದಿನ ಮಾತ್ರ ಇರಬಹುದು. 2025ರ ಅಕ್ಟೋಬರ್ 12ರಿಂದ ಗಡಿಯಲ್ಲಿ ಬೆರಳಚ್ಚು ಮತ್ತು ಮುಖಚಿತ್ರದೊಂದಿಗೆ ವಿದ್ಯುನ್ಮಾನ ದಾಖಲೆ ಆರಂಭವಾಗಿದೆ, ಆದ್ದರಿಂದ ದಿನಗಳ ಲೆಕ್ಕ ತಪ್ಪಿದರೆ ಯಾರೂ ಗಮನಿಸಲಿಕ್ಕಿಲ್ಲ ಎಂಬ ಭರವಸೆ ಈಗ ಉಳಿದಿಲ್ಲ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ಒಕ್ಕೂಟದ ಒಂದು ದೇಶದ ವಾಸಪರವಾನಗಿಯಲ್ಲಿ ಇರುವವರಿಗೆ ಇನ್ನೊಂದು ದೇಶದಲ್ಲಿ ನೆಲೆಸುವ ಹಕ್ಕು ತಾನಾಗಿ ಬರುವುದಿಲ್ಲ. ಈಗಿರುವ ಹಕ್ಕು ಕೈತಪ್ಪದಂತೆಯೂ ನೋಡಿಕೊಳ್ಳಬೇಕು: ಬ್ರಿಟನ್ನಿನ ಅನಿರ್ದಿಷ್ಟ ಅವಧಿಯ ವಾಸಾನುಮತಿ ಪಡೆದವರು ಎರಡು ವರ್ಷಕ್ಕಿಂತ ಹೆಚ್ಚು ಕಾಲ ಸತತವಾಗಿ ಹೊರಗುಳಿದರೆ ಅದು ಸಾಮಾನ್ಯವಾಗಿ ರದ್ದಾಗುತ್ತದೆ.

ಸ್ಪೇನ್ 2023ರಿಂದ, ಪೋರ್ಚುಗಲ್ 2022ರ ಅಕ್ಟೋಬರಿನಿಂದ ದೂರದಿಂದ ಕೆಲಸ ಮಾಡುವವರಿಗೆಂದೇ ವೀಸಾ ಕೊಡುತ್ತಿವೆ. ಪಿಂಚಣಿ, ಬಾಡಿಗೆಯಂಥ ಆದಾಯದ ಮೇಲೆ ಬದುಕುವವರಿಗೆ ಸ್ಪೇನಿನ ದುಡಿಮೆರಹಿತ ವೀಸಾ ಮತ್ತು ಪೋರ್ಚುಗಲ್ಲಿನ ಡಿ7 ವೀಸಾ ಇವೆ. ಇವುಗಳಲ್ಲಿ ಮೊದಲನೆಯದರ ಮೇಲೆ ಹೋದವರು ಕೆಲಸ ಮಾಡುವಂತಿಲ್ಲ. ಮನೆ ಕೊಂಡರೆ ವಾಸಪರವಾನಗಿ ಸಿಗುತ್ತಿದ್ದ ಸ್ಪೇನಿನ ಯೋಜನೆ 2025ರ ಏಪ್ರಿಲ್ 3ಕ್ಕೆ ಮುಗಿದಿದೆ, ಹಳೆಯ ಸಲಹೆಗಳನ್ನು ನಂಬಿ ಮನೆಗೆ ಮುಂಗಡ ಕೊಡಬೇಡಿ. ವರ್ಷಕ್ಕೆ 183 ದಿನಕ್ಕಿಂತ ಹೆಚ್ಚು ಇದ್ದರೆ ಹೆಚ್ಚಿನ ದೇಶಗಳಲ್ಲಿ ನೀವು ತೆರಿಗೆಯ ಲೆಕ್ಕದಲ್ಲಿ ಅಲ್ಲಿನ ನಿವಾಸಿ ಆಗುತ್ತೀರಿ. ಬ್ರಿಟನ್ನಿನ ಸರ್ಕಾರಿ ಪಿಂಚಣಿ ಪಡೆಯುವವರು ಒಂದು ಅಂಶವನ್ನು ತಪ್ಪದೆ ನೋಡಬೇಕು: ಯುರೋಪಿಯನ್ ಒಕ್ಕೂಟದ ದೇಶಗಳಲ್ಲಿ ಅದು ವರ್ಷವರ್ಷ ಏರುತ್ತದೆ, ಆಸ್ಟ್ರೇಲಿಯಾ, ಕೆನಡಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾಗಳಿಗೆ ಹೋದವರಿಗೆ ಹೋದ ವೇಳೆಯ ಮೊತ್ತದಲ್ಲೇ ನಿಂತುಬಿಡುತ್ತದೆ.

ಪೂರ್ತಿ ಹೋಗುವುದೋ, ಅರ್ಧ ಹೋಗುವುದೋ

ಕೆಲಸ, ಮಕ್ಕಳ ಶಾಲೆ, ವಯಸ್ಸಾದ ಹಿರಿಯರು, ಹೀಗೆ ಕಟ್ಟಿಹಾಕುವ ಕಾರಣಗಳಿದ್ದವರು ಮೊದಲು ಅರ್ಧದಾರಿಯನ್ನು ಪರಿಗಣಿಸಲಿ. ಡಿಸೆಂಬರ್ ಕೊನೆಯಿಂದ ಫೆಬ್ರವರಿ ಕೊನೆಯವರೆಗೆ ಹೊರಗಿದ್ದು ಬರುವುದು 90 ದಿನಗಳ ಮಿತಿಯೊಳಗೇ ಸಾಧ್ಯ, ತೆರಿಗೆಯ ತೊಡಕೂ ಸಾಮಾನ್ಯವಾಗಿ ಬರುವುದಿಲ್ಲ; ಆದರೆ ದೂರದಿಂದಲೇ ಕೆಲಸ ಮುಂದುವರಿಸುವುದಾದರೆ ಆ ದೇಶದ ನಿಯಮ ಮತ್ತು ನಿಮ್ಮ ಉದ್ಯೋಗದಾತರ ಒಪ್ಪಿಗೆ ಎರಡನ್ನೂ ಕೇಳಿಕೊಳ್ಳಬೇಕು. ಇದಕ್ಕೂ ಅನುಕೂಲವಿಲ್ಲದವರು ಇರುವಲ್ಲೇ ಮಾಡಬಹುದಾದದ್ದು ಕಡಿಮೆಯೇನಿಲ್ಲ. ಬೆಳಗ್ಗೆ ಎದ್ದ ಕೂಡಲೇ 10,000 ಲಕ್ಸ್ (ಲಕ್ಸ್ ಎಂದರೆ ಬೆಳಕಿನ ಪ್ರಮಾಣದ ಅಳತೆ) ದೀಪದ ಮುಂದೆ ಅರ್ಧ ಗಂಟೆ ಕೂರುವುದು ಋತುಮಾನದ ಖಿನ್ನತೆಗೆ ವೈದ್ಯರು ಸೂಚಿಸುವ ಚಿಕಿತ್ಸೆಗಳಲ್ಲೊಂದು. ಮನೆಯೊಳಗಿನ ಸಾಮಾನ್ಯ ದೀಪಗಳ ಬೆಳಕು ಕೆಲವು ನೂರು ಲಕ್ಸ್ ಮಾತ್ರ. ಬ್ರಿಟನ್ನಿನ ಆರೋಗ್ಯ ಇಲಾಖೆ ಶರತ್ಕಾಲ ಮತ್ತು ಚಳಿಗಾಲದಲ್ಲಿ ದಿನಕ್ಕೆ 10 ಮೈಕ್ರೋಗ್ರಾಂ ಡಿ ಜೀವಸತ್ವ ತೆಗೆದುಕೊಳ್ಳುವುದನ್ನು ಪರಿಗಣಿಸಲು ಎಲ್ಲರಿಗೂ ಹೇಳುತ್ತದೆ. ಕಪ್ಪು, ಕಂದು ಮೈಬಣ್ಣದವರು ವರ್ಷವಿಡೀ ತೆಗೆದುಕೊಳ್ಳುವ ಬಗ್ಗೆ ಯೋಚಿಸಬೇಕೆಂಬ ಸಲಹೆ ನಮ್ಮಲ್ಲಿ ಬಹುತೇಕರಿಗೆ ಅನ್ವಯಿಸುತ್ತದೆ.

ಹೊರಡುವುದೇ ತೀರ್ಮಾನವಾದರೆ ನನ್ನ ಆಯ್ಕೆಯ ಕ್ರಮ ಹೀಗಿದೆ. ಕತ್ತಲೆ ಮತ್ತು ಮೋಡ ಎರಡೂ ಕಾಡುತ್ತಿದ್ದರೆ, ವಿಮಾನದ ಓಡಾಟಕ್ಕೆ ಅಡ್ಡಿಯಿಲ್ಲದಿದ್ದರೆ, ಕ್ಯಾನರಿಯ ದಕ್ಷಿಣ ಮಗ್ಗುಲು. ಮುಖ್ಯಭೂಮಿಯನ್ನು ಬಿಡಲಾಗದವರಿಗೆ ಅಲಿಕಾಂಟೆಯಿಂದ ಮಾಲಗದವರೆಗಿನ ಕರಾವಳಿ. ಇಂಗ್ಲಿಷೇ ಬೇಕಿದ್ದರೆ ಸೈಪ್ರಸ್. ಬೂದು ಆಕಾಶ ಒಂದೇ ಶತ್ರುವಾದರೆ, ಉದ್ಯೋಗವೂ ಬೇಕಿದ್ದರೆ, ಮ್ಯಾಡ್ರಿಡ್. ಯಾವುದನ್ನು ಆರಿಸಿದರೂ ಮನೆ ಕೊಳ್ಳುವ ಮೊದಲು ಅಲ್ಲಿ ಜನವರಿಯ ಮಧ್ಯದಿಂದ ಆರು ವಾರ ಬಾಡಿಗೆಗೆ ಇರಿ, ಹೋಟೆಲಿನಲ್ಲಿ ಇರದೆ ಸ್ಥಳೀಯರು ವಾಸಿಸುವ ಕಟ್ಟಡದಲ್ಲಿ ಇರಿ, ಮಳೆ ಬಂದ ದಿನ ಒಗೆದ ಬಟ್ಟೆ ಒಣಗಲು ಎಷ್ಟು ಹೊತ್ತು ಹಿಡಿಯಿತು ಎಂದು ನೋಡಿ, ಆನಂತರ ಆಗಸ್ಟಿನಲ್ಲಿ ಮತ್ತೊಮ್ಮೆ ಎರಡು ವಾರ ಅದೇ ಬೀದಿಗೆ ಹೋಗಿ ಬನ್ನಿ.